ಲೈಸೆನ್ಸು ಕೊಡದಿದ್ದದ್ದು ಅಪ್ಪನಲ್ಲ

ಪ್ರಿಯ ಲೇಖಕಿಯವರಿಗೆ, ನಮಸ್ಕಾರ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ನೀವು ಕಳಿಸಿದ ‘ರೆಕ್ಕೆ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾರೆ. ಹಾಗಂತ ಎರಡು ಸಾಲಿನ ವಿಷಾದ ಬರೆದು ವಾಪಸು ಕಳಿಸಲೂ ಮನಸ್ಸು ಒಪ್ಪಲಿಲ್ಲ. ಇದರೊಳಗೆ ಒಂದು ಗಟ್ಟಿ ಕಥೆ ಇದೆ, ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ನಾನು ಓದಿಕೊಂಡದ್ದು ಇಷ್ಟು. ಮೆಕ್ಸಿಕೋದ ಮಿಚೋಆಕಾನ್‌ನಿಂದ ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಮರಿಸೋಲ್‌ಗೆ 2009ರಲ್ಲಿ ಇಪ್ಪತ್ತು ವರ್ಷ. ಪೂರ್ವ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಮನೆ, ತಾಯಿಯ ಜೊತೆ ಮನೆಗಳನ್ನು ಕ್ಲೀನ್ ಮಾಡುವ ಕೆಲಸ. ಅವಳಿಗೆ ಓದಬೇಕು, ಬೇರೆ ಇರಬೇಕು. ಅಪ್ಪ ಹೇಳುತ್ತಾನೆ: ‘ಈ ಮನೆಯ ಮಗಳು ಹೊಸ್ತಿಲು ದಾಟುವುದು ಬಿಳಿ ಉಡುಪು ತೊಟ್ಟೇ.’ ಅಂದರೆ ಮದುವಣಗಿತ್ತಿಯಾಗಿ. ತಾಯಿ ಬಾಯಿ ಬಿಡುವುದಿಲ್ಲ. ಹುಡುಗಿ ಕದ್ದು ಕಾರು ಕಲಿತು, ಲೈಸೆನ್ಸು ಮಾಡಿಸಿಕೊಂಡು, ಒಂದು ರಾತ್ರಿ ಹೊರಟುಬಿಡುತ್ತಾಳೆ.

ಆ ಲೈಸೆನ್ಸಿನಿಂದಲೇ ಶುರುಮಾಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1993ರಲ್ಲಿ ಮಾಡಿದ ಕಾನೂನಿನಂತೆ, ದೇಶದಲ್ಲಿರಲು ಅನುಮತಿ ಇದೆ ಎಂದು ತೋರಿಸಲಾಗದವರಿಗೆ ಲೈಸೆನ್ಸು ಕೊಡುತ್ತಿರಲಿಲ್ಲ. ಎಲ್ಲರಿಗೂ ಆ ಬಾಗಿಲು ತೆರೆದದ್ದು 2015ರ ಜನವರಿಯಲ್ಲಿ. ನಿಮ್ಮ ಮರಿಸೋಲ್ ಎಷ್ಟು ಚೆನ್ನಾಗಿ ಕಾರು ಓಡಿಸಿದರೂ 2009ರಲ್ಲಿ ಅವಳಿಗೆ ಲೈಸೆನ್ಸು ಸಿಗದು. ಒಂದು ಸಾಲು ತಿದ್ದಿದರೆ ಮುಗಿಯಿತು ಅಂದುಕೊಳ್ಳಬೇಡಿ, ತಿದ್ದಲು ಕೂತರೆ ಕಥೆಯೇ ಬೇರೆಯಾಗುತ್ತದೆ. ಲೈಸೆನ್ಸಿಲ್ಲದೆ ಸಿಕ್ಕಿಬಿದ್ದರೆ ಪೊಲೀಸರು ಕಾರನ್ನು 30 ದಿನ ಹಿಡಿದಿಟ್ಟುಕೊಳ್ಳಬಹುದಿತ್ತು. ಬಿಡಿಸಿಕೊಳ್ಳುವ ಖರ್ಚು ಹಳೆ ಕಾರಿನ ಬೆಲೆಯನ್ನೇ ಮೀರುವುದೂ ಇತ್ತು. ಅದಕ್ಕಿಂತ ದೊಡ್ಡ ಭಯ, ಹೆಸರು ವಲಸೆ ಇಲಾಖೆಯವರ ಕೈ ಸೇರಿದರೆ ಏನು ಗತಿ ಎಂಬುದು. ಈಗ ನಿಮ್ಮ ಐದನೇ ಪುಟಕ್ಕೆ ಹೋಗಿ. ‘ಕಾರು ಮುಟ್ಟಬೇಡ’ ಎಂದು ಅಪ್ಪ ಗದರುತ್ತಾನಲ್ಲ, ಅದನ್ನು ನೀವು ಬರೀ ಗಂಡಸಿನ ದರ್ಪವಾಗಿ ಬರೆದಿದ್ದೀರಿ. ದರ್ಪವೂ ಇರಬಹುದು, ಭಯವೂ ಇರಬಹುದು. ಎರಡನ್ನೂ ಬಿಡಿಸಿ ಹೇಳಲು ಅವನಿಗೇ ಬರಲಿಕ್ಕಿಲ್ಲ. ಹಾಗೆ ಬಿಡಿಸಲಾಗದ ಜಾಗದಲ್ಲೇ ನಿಮ್ಮ ಕಥೆ ಕೂತಿದೆ.

ಅಪ್ಪನನ್ನು ಒಳ್ಳೆಯವನನ್ನಾಗಿ ಮಾಡಿ ಅಂತ ಕೇಳುತ್ತಿಲ್ಲ. ಹೆಣ್ಣನ್ನು ಕಟ್ಟಿಹಾಕುವ ಮಾತುಗಳು ಆ ಮನೆಗಳಲ್ಲಿ ನಿಜವಾಗಿಯೂ ಇವೆ. ಸ್ಪ್ಯಾನಿಷ್‌ನಲ್ಲಿ ‘ಎಲ್ ಕೆ ದಿರಾನ್’ ಅನ್ನುತ್ತಾರೆ, ನಾವು ‘ನಾಲ್ಕು ಜನ ಏನಂತಾರೆ’ ಅನ್ನುವ ಹಾಗೆಯೇ. ಹುಡುಗಿ ಬಾಯಿ ಮುಚ್ಚಿಕೊಂಡಿದ್ದರೇ ಚಂದ ಎನ್ನುವ ಗಾದೆಯೂ ಇದೆ. ಇವನ್ನೆಲ್ಲ ನೀವು ಸರಿಯಾಗಿ ಹಿಡಿದಿದ್ದೀರಿ. ಆದರೆ ಮನೆ ಅವಳನ್ನು ಹಿಡಿದಿಟ್ಟುಕೊಳ್ಳುವುದು ಗದರಿಕೆಯಿಂದ ಮಾತ್ರ ಅಲ್ಲವಲ್ಲ. ಹದಿನೈದು ತುಂಬಿದಾಗ ಮಾಡುವ ಕಿನ್ಸಿಯಾನ್ಯೆರಾ ಹಬ್ಬಕ್ಕೆ ಎರಡು ಪುಟ ಕೊಟ್ಟಿದ್ದೀರಿ, ಗೌನಿನ ಬಣ್ಣ, ಕುಣಿತ, ಎಲ್ಲ ಇದೆ. ಗೌನು ಯಾರು ಕೊಡಿಸಿದರು? ಕೇಕಿನ ದುಡ್ಡು ಯಾರದು? ಹಬ್ಬದ ಖರ್ಚನ್ನು ಬಂಧುಗಳೂ ನೆರೆಯವರೂ ಪಾದ್ರೀನೊ, ಮಾದ್ರೀನಾ (ಧರ್ಮಪಿತ, ಧರ್ಮಮಾತೆ) ಎಂಬ ಹೆಸರಿನಲ್ಲಿ ಹಂಚಿಕೊಳ್ಳುವ ಪದ್ಧತಿ ಅಲ್ಲಿದೆ. ನಮ್ಮ ಮುಯ್ಯಿಯ ನೆಂಟನೇ ಅದು. ಚಿಕ್ಕಮ್ಮ ಕೊಡಿಸಿದ ಗೌನು ಪೆಟ್ಟಿಗೆಯಲ್ಲಿರುವಾಗ ಹುಡುಗಿ ಹೇಗೆ ಹೊಸ್ತಿಲು ದಾಟುತ್ತಾಳೆ? ಇದನ್ನು ಬರೆಯಿರಿ.

ಇನ್ನೊಂದು. ಶಾಲೆಯಿಂದ ಬಂದ ಪತ್ರ, ಬಾಡಿಗೆ ಕರಾರು, ಆಸ್ಪತ್ರೆಯ ಬಿಲ್ಲು, ಎಲ್ಲವನ್ನೂ ಒಂಬತ್ತನೇ ವಯಸ್ಸಿನಿಂದ ಓದಿ ಹೇಳುತ್ತ ಬಂದವಳು ಮರಿಸೋಲ್. ನೀವು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ಮನೆಯ ನಾಲಿಗೆ ಅವಳು. ಅಪ್ಪನ ಎದೆನೋವನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದವಳು, ಡಾಕ್ಟರು ಹೇಳಿದ್ದರಲ್ಲಿ ಎಷ್ಟನ್ನು ಅಪ್ಪನಿಗೆ ಹೇಳಬೇಕು ಎಂದು ನಿಂತಲ್ಲೇ ತೀರ್ಮಾನಿಸಿದವಳು. ಇಂಥ ಮಗಳ ಮೇಲೆ ಅಪ್ಪ ಅಧಿಕಾರ ನಡೆಸುತ್ತಾನೆ, ಅವಳಿಲ್ಲದೆ ಅವನಿಗೆ ನಡೆಯುವುದೂ ಇಲ್ಲ. ಅವಳು ಹೋದರೆ ನಾಳೆ ಬಂದ ಟಪಾಲನ್ನು ಓದುವವರು ಯಾರು?

ಕಥೆಯಲ್ಲಿ ‘ಸಂಪ್ರದಾಯ’ ಎಂಬ ಪದ ಹನ್ನೊಂದು ಸಲ ಬಂದಿದೆ. ಅದನ್ನು ಎಣಿಸುವಾಗ ನನಗೆ ನೆನಪಾದದ್ದು ಒಂದು ತೀರ್ಪು. ಲಾಸ್ ಏಂಜಲೀಸ್‌ನ ಕೌಂಟಿ ಆಸ್ಪತ್ರೆಗೆ ಹೆರಿಗೆಗೆಂದು ಬಂದ ಮೆಕ್ಸಿಕೋ ಮೂಲದ ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದ್ದರು. ಹಲವರಿಂದ ಹೆರಿಗೆ ನೋವಿನ ನಡುವೆಯೇ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಹತ್ತು ಮಂದಿ ಕೋರ್ಟಿಗೆ ಹೋದರು. ಅವರ ಪರ ನಿಂತ ವಕೀಲರಲ್ಲೊಬ್ಬರಾದ ಆಂಟೋನಿಯಾ ಹೆರ್ನಾಂಡೆಸ್ ಕೂಡ ಮೆಕ್ಸಿಕೋದಿಂದ ಬಾಲ್ಯದಲ್ಲಿ ಬಂದವರೇ. ಮ್ಯಾಡ್ರಿಗಲ್ ಮೊಕದ್ದಮೆ ಎಂದು ಹೆಸರಾದ ಅದರಲ್ಲಿ 1978ರಲ್ಲಿ ಆ ಹೆಂಗಸರು ಸೋತರು. ಈ ಹೆಂಗಸರ ಸಾಂಸ್ಕೃತಿಕ ಹಿನ್ನೆಲೆಯೂ ತೊಂದರೆಗೆ ಕಾರಣ ಎಂದರು ನ್ಯಾಯಾಧೀಶರು. ಆಸ್ಪತ್ರೆಯ ತಪ್ಪು ಕೂಡ ಹೀಗೆ ಹೆಂಗಸರ ಸಂಪ್ರದಾಯದ ತಲೆಗೇ ಬಂತು. ನಿಮ್ಮ ಉದ್ದೇಶ ಇದಕ್ಕೆ ಪೂರಾ ವಿರುದ್ಧವಾದದ್ದು ಎಂದು ಬಲ್ಲೆ. ಆದರೂ ಕಾನೂನು, ಕೂಲಿ, ಭಾಷೆ ಎಲ್ಲವನ್ನೂ ಬಿಟ್ಟು ಅಪ್ಪನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ಕಥೆ ಹೋಗಿ ನಿಲ್ಲುವುದು ಆ ನ್ಯಾಯಾಧೀಶರ ಪಕ್ಕದಲ್ಲೇ. ನನಗೆ ಇದು ಬಹಳ ಕಾಡಿತು.

ಭಾಷೆಯ ಬಗ್ಗೆ. ‘ಪಂಜರದ ಹಕ್ಕಿ’ ನಾಲ್ಕು ಕಡೆ ಇದೆ, ನಾಲ್ಕನ್ನೂ ತೆಗೆಯಿರಿ. ‘ಅಮಿಗೋ’, ‘ಸಿನ್ಯೋರೀಟಾ’ ಕೂಡ ಬೇಡ, ಮನೆಯೊಳಗೆ ಹಾಗೆ ಯಾರೂ ಕೂಗುವುದಿಲ್ಲ. ಎಷ್ಟೋ ಮೆಕ್ಸಿಕನ್ ಮನೆಗಳಲ್ಲಿ ಮಕ್ಕಳು ಕೂಗುವುದು ‘ಅಮಾ’, ‘ಅಪಾ’ ಅಂತ. ಕನ್ನಡದ ಕಿವಿಗೆ ಇದಕ್ಕಿಂತ ಹತ್ತಿರದ್ದು ಬೇಕೆ? ಆ ಮನೆಗಳಲ್ಲಿ ಹಿರಿಯರಿಗೆ ‘ಉಸ್ತೆದ್’ ಎನ್ನುವುದೂ ಉಂಟು, ನಮ್ಮ ‘ನೀವು’. ಸಲಿಗೆಯ ‘ತೂ’ ನಮ್ಮ ‘ನೀನು’. ಇಂಗ್ಲಿಷಿನಲ್ಲಿ ಬರೆಯುವವರ ಕೈಗೆ ಸಿಗದ ಈ ಭೇದ ನಿಮ್ಮ ಕೈಯಲ್ಲಿದೆ. ಮೊದಲ ಪುಟದಿಂದಲೇ ಮರಿಸೋಲ್ ಅಪ್ಪನನ್ನು ‘ನೀನು’ ಅನ್ನುತ್ತಾಳೆ. ಕೊನೆಯವರೆಗೂ ‘ನೀವು’ ಅನ್ನಿಸಿ, ಜಗಳದ ರಾತ್ರಿ ಒಂದೇ ಒಂದು ಸಲ ‘ನೀನು’ ಬಾಯಿ ಜಾರಲಿ. ಆಗ ನೀವು ಬರೆದಿರುವ ಅರ್ಧ ಪುಟದ ಭಾಷಣ ಬೇಕಾಗುವುದಿಲ್ಲ.

ಮುಕ್ತಾಯವನ್ನು ನಾನು ಒಪ್ಪಲಾರೆ. ಹೊರಟಳು, ಸ್ವತಂತ್ರಳಾದಳು ಎಂದಿದ್ದೀರಿ. ಎಲ್ಲಿಗೆ ಹೋದಳು, ಯಾರ ಹೆಸರಲ್ಲಿ ಬಾಡಿಗೆ ಕರಾರು? ಗ್ವಾಟೆಮಾಲಾದ ಶ್ರೀಮಂತ ಮನೆತನದ ಹುಡುಗಿಯೊಬ್ಬಳು ಮನೆಯನ್ನೂ ಸಿರಿಯನ್ನೂ ಬಿಟ್ಟು 1928ರಲ್ಲಿ ನ್ಯೂಯಾರ್ಕಿಗೆ ಬಂದು ಹೊಲಿಗೆ ಕೆಲಸಕ್ಕೆ ಕೂತಳು. ಹುಟ್ಟಿದ ಹೆಸರನ್ನೂ ಬಿಟ್ಟು ಲೂಯಿಸಾ ಮೊರೆನೊ ಆದಳು. ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳ ಹೆಂಗಸರನ್ನು ಸಂಘ ಕಟ್ಟಿ ನಿಲ್ಲಿಸಿದ ದೊಡ್ಡ ನಾಯಕಿ ಆಕೆ. ಮನೆ ತಡೆಯಲಾಗದ ಆಕೆಯನ್ನು 1950ರಲ್ಲಿ ಅಮೆರಿಕ ಬಿಡುವಂತೆ ಮಾಡಿದ್ದು ಗಡೀಪಾರಿನ ಬೆದರಿಕೆ. ಮನೆ ಬಿಟ್ಟ ಮೇಲೂ ಬದುಕು ಇಷ್ಟು ಉದ್ದ ಇರುತ್ತದೆ. ಮರಿಸೋಲ್‌ಗೆ ಹೊರಗಿನ ಒಂದು ವಾರವನ್ನಾದರೂ ಕೊಡಿ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಬರೆದಿದ್ದೀರಿ. ನಿಮ್ಮ ಮನೆ ಕ್ಲೀನ್ ಮಾಡಲು ಬರುವ ಹೆಂಗಸು ಅಡುಗೆಮನೆಯಲ್ಲಿ ನಿಂತು ತನ್ನ ಕಥೆ ಹೇಳಿದರು ಎಂಬುದು ಒಂದು. ಅವರನ್ನು ಕೇಳಿದಿರಾ? ಕಾಗದವಿಲ್ಲದವರ ಊರು, ಬೀದಿ, ಮಕ್ಕಳ ವಯಸ್ಸು ಇದ್ದ ಹಾಗೇ ಅಚ್ಚಾಗಬಾರದು. ಅವರು ಒಪ್ಪುವವರೆಗೆ ಈ ಕಥೆಯನ್ನು ಎಲ್ಲಿಗೂ ಕಳಿಸಬೇಡಿ, ಇದು ನನ್ನ ಕೈಮುಗಿದ ವಿನಂತಿ. ಇನ್ನೊಂದು, ಗಂಡನ ವೀಸಾದ ಮೇಲೆ ಬಂದ ನೀವು, ಹಾಗೆ ಬಂದವರ ಎಚ್-4 ವೀಸಾದವರಿಗೆ ಕೆಲಸ ಮಾಡುವ ಅನುಮತಿ ಇಲ್ಲದೆ ಏಳು ವರ್ಷ ಮನೆಯಲ್ಲೇ ಕೂತದ್ದು, 2015ರಲ್ಲಿ ನಿಯಮ ಬದಲಾದ ಮೇಲೆ ಕೆಲಸಕ್ಕೆ ಸೇರಿದ್ದು. ನಿಮ್ಮ ಸಂಕಟವೂ ಅವರದೂ ಒಂದೇ ತೂಕದ್ದಲ್ಲ. ನಿಮ್ಮನ್ನು ಯಾರೂ ರಾತ್ರೋರಾತ್ರಿ ಗಡಿಯಾಚೆ ಬಿಡುತ್ತಿರಲಿಲ್ಲ. ಆದರೂ ಕಾಗದಗಳು ಕಟ್ಟಿಹಾಕಿದ ಇಬ್ಬರು ಹೆಂಗಸರು ಒಂದೇ ಸಿಂಕಿನ ಎರಡು ಬದಿಯಲ್ಲಿ ನಿಂತಿದ್ದರು. ಆ ಕನ್ನಡದ ಹೆಂಗಸು ನಿಮ್ಮ ಕಥೆಯಲ್ಲಿ ಎಲ್ಲೂ ಇಲ್ಲ. ಒಂದೇ ಒಂದು ದೃಶ್ಯದಲ್ಲಿ ಅವಳನ್ನು ತನ್ನಿ, ಸಂಬಳ ಕೊಡುವವಳಾಗಿ.

ಮೂರು ತಿಂಗಳು ತೆಗೆದುಕೊಳ್ಳಿ. ತಿದ್ದಿದ್ದನ್ನು ನನಗೇ ಕಳಿಸಿ, ನಾನೇ ಓದುತ್ತೇನೆ.

ಏಳನೇ ಪುಟವನ್ನು ಮಾತ್ರ ಮುಟ್ಟಬೇಡಿ. ಬೆಳಕು ಹರಿಯುವ ಮುಂಚೆ ಈಸ್ಟ್‌ರಿಡ್ಜ್‌ನಿಂದ ಪಾಲೋ ಆಲ್ಟೋ ಕಡೆಗೆ ಹೋಗುವ 22ನೇ ನಂಬರಿನ ಬಸ್ಸು, ಬ್ಲೀಚಿಗೆ ಒಡೆದ ಕೈಗಳಿಗೆ ವ್ಯಾಸಲೀನ್ ಹಚ್ಚಿಕೊಳ್ಳುತ್ತ ‘ಐ ಕ್ಯಾನ್ ಕಮ್ ಥರ್ಸ್‌ಡೇ’ ಎಂದು ಮೆಲ್ಲಗೆ ಅಭ್ಯಾಸ ಮಾಡುವ ತಾಯಿ, ಉಚ್ಚಾರಣೆ ತಿದ್ದಲು ಬಾಯಿ ತೆರೆದು ಸುಮ್ಮನಾಗುವ ಮಗಳು. ಅಲ್ಲಿ ನೀವು ಒಂದು ಪದವನ್ನೂ ಹೆಚ್ಚಾಗಿ ಬರೆದಿಲ್ಲ.

ಪ್ರೀತಿಯಿಂದ,
ಸಂಪಾದಕ