ಮಾತ್ರೆಯನ್ನೇ ಕಾಣದ ಕೂಸಿಗೆ ಔಷಧಿ ಯಾಕೆ ನಾಟಲಿಲ್ಲ?

ಪ್ರಶ್ನೆ: ಮಗಳು ಎಂಟನೇ ತಿಂಗಳಿಗೇ ಹುಟ್ಟಿದಳು. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಐದನೇ ದಿನ ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದೆ, ಮಾಮೂಲಿ ಆ್ಯಂಟಿಬಯಾಟಿಕ್ ಯಾವುದೂ ನಾಟುತ್ತಿಲ್ಲ ಅಂದರು. ಕೊನೆಗೆ ಕೊಲಿಸ್ಟಿನ್ ಅನ್ನೋ ಔಷಧಿ ಕೊಟ್ಟು ಉಳಿಸಿದರು. ಬಸುರಿಯಲ್ಲಿ ನಾನು ಜ್ವರಕ್ಕೆ ಮಾತ್ರೆ ನುಂಗಿದ್ದೇ ಕಾರಣ ಅಂತಾರೆ ಅತ್ತೆ. ನಿಜವೇ? ಮನೆಯಲ್ಲಿ ಏನು ಜೋಪಾನ ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ತಪ್ಪು ನಿಮ್ಮದಲ್ಲ. ಇದನ್ನು ಅತ್ತೆಯವರಿಗೂ ಓದಿ ಹೇಳಿ. ಔಷಧಿಗೆ ಬಗ್ಗದಿರುವುದು ಕೂಸಿನ ಮೈಯಲ್ಲ, ಬ್ಯಾಕ್ಟೀರಿಯಾ. ಅದು ಈ ವಿದ್ಯೆಯನ್ನು ಬೇರೆ ಯಾರದೋ ಮೈಯಲ್ಲಿ ಎಂದೋ ಕಲಿತು ಬಂದಿರುತ್ತದೆ, ಕಲಿತದ್ದನ್ನು ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಲ್ಯಾಬಿನಲ್ಲಿ ಅದನ್ನು ತಟ್ಟೆಯಲ್ಲಿ ಬೆಳೆಸಿ ಮೇಲೆ ಔಷಧಿಯ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಳೆಯ ಹಾಗೆ ಖಾಲಿ ಜಾಗ ಬಿಡುತ್ತದೆ. ನಾಟದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಗೇ ಒರಗಿಕೊಂಡು ಬೆಳೆದಿರುತ್ತದೆ. ನಿಮ್ಮ ಕಲ್ಚರ್ ರಿಪೋರ್ಟಿನಲ್ಲಿ ಸಾಲಾಗಿ ಆರ್, ಆರ್, ಆರ್ ಅಂತ ಇರುತ್ತಲ್ಲ, ಅದು ಇದೇ: ಆರ್ ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗದ್ದು.

ಹೆರಿಗೆಯಲ್ಲಿ ತಾಯಿಯಿಂದ ದಾಟುವುದೂ ಉಂಟು. ಆದರೆ ಜಾಸ್ತಿ ಅಂಟುವುದು ಆಸ್ಪತ್ರೆಯಲ್ಲೇ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಿಶುಗಳ ರಕ್ತದ ನಂಜಿನ ಮೂರನೇ ಎರಡು ಪಾಲು ಮೊದಲ 72 ಗಂಟೆಯೊಳಗೇ, ಅಂದರೆ ಕೂಸು ಆಸ್ಪತ್ರೆಯಲ್ಲಿರುವಾಗಲೇ, ಕಾಣಿಸಿಕೊಂಡಿತ್ತು, ಅಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಅರ್ಧಕ್ಕೂ ಹೆಚ್ಚು ಹಲವು ಔಷಧಿಗಳಿಗೆ ಬಗ್ಗದ್ದಾಗಿತ್ತು. ಸಿಂಕು, ವೆಂಟಿಲೇಟರ್ ಕೊಳವೆ ಎಲ್ಲದರಲ್ಲೂ ಇದು ಬೀಡುಬಿಡುತ್ತದೆ. ಅಲ್ಲಿಂದ ಮಗುವಿನವರೆಗೆ ಹೊತ್ತು ತರುವುದು ಹೆಚ್ಚಾಗಿ ಕೈ. ಸ್ಯಾನಿಟೈಸರ್ ಉಜ್ಜೋಕೆ ಬೇಕಾದದ್ದು 20–30 ಸೆಕೆಂಡು ಅಷ್ಟೇ. ಆದರೆ ರಾತ್ರಿ ಪಾಳಿಯಲ್ಲಿ ನಾಲ್ಕೈದು ಕೂಸುಗಳಿಗೆ ಒಬ್ಬರೇ ಸಿಸ್ಟರ್, ಒಂದರ ಡೈಪರ್ ಬಿಚ್ಚಿದಾಗ ಪಕ್ಕದ ಮಾನಿಟರ್ ಕೂಗಿಕೊಂಡರೆ ಅವರು ಮೊದಲು ಓಡ್ತಾರೋ ಕೈ ಉಜ್ಜುತ್ತಾರೋ? ಸುಮ್ನೆ ಅವರನ್ನು ಬೈದು ಏನು ಬಂತು! ಜನ ಹೆಚ್ಚಿಸಬೇಕು.

ಕೊಲಿಸ್ಟಿನ್ 1950ರ ದಶಕದ ಹಳೇ ಮದ್ದು. ಕಿಡ್ನಿಗೆ ಪೆಟ್ಟು ಅಂತ ಮೂಲೆಗೆ ತಳ್ಳಿದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ತಂದಿದ್ದಾರೆ. ಹಾಗಾಗಿ ಮುಂದಿನ ತಪಾಸಣೆಯಲ್ಲಿ ಕಿಡ್ನಿಯ ಪರೀಕ್ಷೆ ಬೇಕಾ ಅಂತ ಕೇಳಿ.

ಮನೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರಬಹುದು, ಮಗು ಚೆನ್ನಾಗಿದ್ದರೆ ಅದಕ್ಕೆ ಮದ್ದು ಬೇಡ. ಎದೆಹಾಲು ಕೊಡಿ. ಬಟ್ಟೆ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಆ ಕಲ್ಚರ್ ರಿಪೋರ್ಟನ್ನು ಮಾತ್ರ ಎಸೆಯಬೇಡಿ. ಮತ್ತೆ ಎಂದಾದರೂ ಅಡ್ಮಿಟ್ ಮಾಡಬೇಕಾಗಿ ಬಂದರೆ ಮೊದಲು ಅದನ್ನೇ ತೋರಿಸಿ.