ಕಥೆಗೆ ತಕರಾರಿಲ್ಲ, ಕಾಮಾಗೆ ಇದೆ

ನಮಸ್ಕಾರ.

ನೀವು ಕಳಿಸಿದ ಇಂಗ್ಲಿಷ್ ಕಥೆ ಓದಿದೆ. ಅಕ್ಕ ತಂಗಿ ಮನೆ ಪಾಲು ಮಾಡಿಕೊಳ್ಳುವ ಕಥೆ. ಜಗಳ ಜೋರಾಗಿದೆ, ಮಾತಿನಲ್ಲಿ ಜೀವ ಇದೆ. ಆದರೆ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಯಾವುದು ಆಡಿದ ಮಾತು, ಯಾವುದು ನಿಮ್ಮ ನಿರೂಪಣೆ ಅಂತ ತಿಳಿಯದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಓದಬೇಕಾಯಿತು.

ಮೊದಲ ಪುಟದ್ದೇ ನೋಡಿ. ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ನಿಮ್ಮ ಕಣ್ಣು ಚಿಹ್ನೆಗಳ ಮೇಲಿರಲಿ.

ಶೀ ಸೆಡ್ ದಟ್ "ಐ ವಿಲ್ ನಾಟ್ ಸೈನ್".

ಇದು ಕನ್ನಡದಲ್ಲಿ ಯೋಚಿಸಿ ಬರೆದ ಇಂಗ್ಲಿಷ್. ನಮ್ಮ 'ಎಂದು', 'ಅಂತ' ಆಡಿದ ಮಾತನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತವೆ. 'ನಾನು ಸಹಿ ಹಾಕಲ್ಲ ಅಂತ ಹೇಳಿದಳು' ಅಂದರೆ ನಮಗೇನೂ ತೊಡಕಿಲ್ಲ. ಇಂಗ್ಲಿಷಿನ 'ದಟ್' ಹೀಗೆ ಕೆಲಸ ಮಾಡುವುದಿಲ್ಲ. ಅದು ಬಂದರೆ ಕೊಟೇಶನ್ ಹೋಗಬೇಕು, 'ಐ' ಹೋಗಿ 'ಶೀ' ಬರಬೇಕು, 'ವಿಲ್' ಇದ್ದದ್ದು 'ವುಡ್' ಆಗಬೇಕು. ಅವಳ ಬಾಯಿಯ ಮಾತೇ ಬೇಕಿದ್ದರೆ 'ದಟ್' ತೆಗೆದು ಕಾಮಾ ಹಾಕಿ:

ಶೀ ಸೆಡ್, "ಐ ವಿಲ್ ನಾಟ್ ಸೈನ್."

ಕೊಟೇಶನ್ ಒಳಗಿನ ಮೊದಲ ಅಕ್ಷರ ಕ್ಯಾಪಿಟಲ್. ಜಗಳದ ದೃಶ್ಯಕ್ಕೆ ಇದೇ ಸರಿ. ವರದಿ ಒಪ್ಪಿಸಿದ ಹಾಗೆ ಬರೆದರೆ ಸಿಟ್ಟು ಅರ್ಧ ಆರಿಹೋಗುತ್ತದೆ.

ಮಾತು ಮೊದಲು ಬಂದರೆ ಕಾಮಾ ಕೊಟೇಶನ್ ಒಳಗೆ ಕೂರುತ್ತದೆ:

"ಐ ವಿಲ್ ನಾಟ್ ಸೈನ್," ಶೀ ಸೆಡ್.

ನೀವು ಅಲ್ಲಿ ಫುಲ್‌ಸ್ಟಾಪ್ ಇಟ್ಟು, 'ಶೀ'ಗೆ ಕ್ಯಾಪಿಟಲ್ ಕೊಟ್ಟಿದ್ದೀರಿ. ವಾಕ್ಯ ಎರಡು ತುಂಡಾಗಿದೆ. ಮಾತು ಪ್ರಶ್ನೆಯಾಗಿದ್ದರೆ ಕಾಮಾ ಬೇಡ, ಪ್ರಶ್ನೆ ಚಿಹ್ನೆ ಸಾಕು. ಆಗಲೂ 'ಶೀ' ಸಣ್ಣಕ್ಷರದಲ್ಲೇ ಶುರುವಾಗುತ್ತದೆ.

ನನಗೆ ಜಾಸ್ತಿ ಕಿರಿಕಿರಿ ಮಾಡಿದ್ದು ಬೇರೆ.

"ಐ ನೋ," ಶೀ ಸ್ಮೈಲ್ಡ್.

ಇಂಥವು ಹನ್ನೊಂದು ಇವೆ, ಎಣಿಸಿದೆ. ನಕ್ಕರೆ ಮಾತು ಹೊರಡುವುದಿಲ್ಲ, ಅಲ್ವಾ? ನಗುವುದು, ತಲೆಯಾಡಿಸುವುದು, ಬಾಗಿಲು ಹಾಕುವುದು ಬೇರೆ ಕೆಲಸಗಳು. ಮಾತನ್ನು ಫುಲ್‌ಸ್ಟಾಪ್‌ನಿಂದ ಮುಗಿಸಿ, ಕ್ಯಾಪಿಟಲ್‌ನಿಂದ ಹೊಸ ವಾಕ್ಯ ಶುರು ಮಾಡಿ. "ಐ ನೋ." ಶೀ ಸ್ಮೈಲ್ಡ್. ಹೀಗೆ ಮಾಡಿದರೆ ಒಂದು ಲಾಭವೂ ಇದೆ. ಮಾತಾಡಿದ್ದು ಯಾರು ಅಂತ ಆ ನಗುವೇ ಹೇಳುತ್ತದೆ, 'ಸೆಡ್' ಬೇಕಾಗುವುದಿಲ್ಲ.

ಕೋಲನ್ ಅನ್ನು ನಾಟಕದ ಸಂಭಾಷಣೆಯ ಹಾಗೆ ಎಲ್ಲೆಂದರಲ್ಲಿ ಹಾಕಿದ್ದೀರಿ. ಅದರ ಹಿಂದೆ ಪೂರ್ತಿ ವಾಕ್ಯ ಒಂದಿದ್ದರೆ ಚೆಂದ: ಶೀ ಹ್ಯಾಡ್ ಒನ್ ಆನ್ಸರ್: "ನೋ." ಬರೀ 'ಶೀ ಸೆಡ್' ಇದ್ದಾಗ ಕಥೆಯಲ್ಲಿ ಕಾಮಾ ಸಾಕು.

ಇನ್ನು, ಅರ್ಧ ಕಥೆಗೆ ಒಂಟಿ ಕೊಟೇಶನ್, ಉಳಿದರ್ಧಕ್ಕೆ ಜೋಡಿ. ಬ್ರಿಟಿಷ್ ಪುಸ್ತಕಗಳಲ್ಲಿ ಹೆಚ್ಚಾಗಿ ಒಂಟಿ, ಅಮೆರಿಕದವುಗಳಲ್ಲಿ ಜೋಡಿ. ಯಾವುದಾದರೂ ಸರಿ, ಒಂದನ್ನೇ ಇಟ್ಟುಕೊಳ್ಳಿ.

ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ. ತಂಗಿ ಸುಮ್ನೆ ಬೀಗದ ಕೈ ಮೇಜಿನ ಮೇಲಿಟ್ಟು ಹೋಗುವ ಕೊನೆಯ ದೃಶ್ಯದಲ್ಲಿ ಯಾರೂ ಮಾತಾಡುವುದಿಲ್ಲ, ಹಾಗಾಗಿ ಒಂದು ತಪ್ಪೂ ಇಲ್ಲ. ಅದನ್ನು ಮಾತ್ರ ಮುಟ್ಟಬೇಡಿ.