ಹಿಪ್ಪುನೇರಳೆ ಕುಡಿ ಮುದುಡಿ ದಪ್ಪವಾಗಿದ್ದರೆ

ಹಿಪ್ಪುನೇರಳೆ ತೋಟದಲ್ಲಿ ಕುಡಿ ಎಲೆ ಮುದುಡಿ, ಕಡು ಹಸಿರಾಗಿ, ಗೆಣ್ಣು ಹತ್ತಿರ ಹತ್ತಿರ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇದು ಬಹುತೇಕ ತುಕ್ರಾ ಅನ್ನುವ ಕುಡಿ ಮುದುಡುವ ತೊಂದರೆ. ಗುಲಾಬಿ ಬಣ್ಣದ ಹಿಟ್ಟು ತಿಗಣೆ (ಮೀಲಿಬಗ್) ರಸ ಹೀರುವುದರಿಂದ ಹೀಗಾಗುತ್ತದೆ. ಫೋಟೋ ಇಲ್ಲದೆ ಪೂರ್ತಿ ಖಚಿತವಾಗಿ ಹೇಳಲಾರೆ. ಮೊದಲು ಒಂದು ಕುಡಿ ಬಿಡಿಸಿ ನೋಡಿ. ಒಳಗೆ ಬಿಳಿ ಹಿಟ್ಟು ಇದ್ದು ಸುತ್ತ ಇರುವೆ ಓಡಾಡುತ್ತಿದ್ದರೆ ಅದೇ. ಎಲೆಗಳು ನೂಲಿನಿಂದ ಅಂಟಿಕೊಂಡು ಒಳಗೆ ಹಸಿರು ಹುಳು ಇದ್ದರೆ ಅದು ಎಲೆ ಸುರುಳಿ ಹುಳು, ಅದರ ದಾರಿ ಬೇರೆ. ಆಗ ಕೆಳಗಿನದ್ದು ಮಾಡಬೇಡಿ.

ತುಕ್ರಾ ಆಗಿದ್ದರೆ ಮುದುಡಿದ ಕುಡಿಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕಿ. ತೋಟದಲ್ಲೇ ಬಿಸಾಡಬೇಡಿ, ಮರಿಗಳು ಪಕ್ಕದ ಗಿಡಕ್ಕೆ ಹತ್ತುತ್ತವೆ. ಲೀಟರ್ ನೀರಿಗೆ 5 ಗ್ರಾಂ ಸೋಪಿನ ಪುಡಿ ಕಲಸಿ ಅದರಲ್ಲಿ ಮುಳುಗಿಸಿ, ಇಲ್ಲವೇ ಸುಟ್ಟುಬಿಡಿ. ಕತ್ತರಿಸಿದ ಮೇಲೆ ಗಿಡಕ್ಕೆ ಜೋರಾಗಿ ನೀರು ಹೊಡೆಯಿರಿ. ಬದುವಿನಲ್ಲಿ ದಾಸವಾಳ ಇದ್ದರೆ ಅದನ್ನೂ ನೋಡಿ, ಇದೇ ತಿಗಣೆ ಅಲ್ಲೂ ಇರುತ್ತದೆ.

ಆಮೇಲೆ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು ಬಿಡಿ, ಎಕರೆಗೆ 250ರಷ್ಟು. ಇವು ಹಿಟ್ಟು ತಿಗಣೆಯನ್ನೇ ತಿನ್ನುತ್ತವೆ. ಎಲ್ಲಿ ಸಿಗುತ್ತವೆ ಅಂತ ಹತ್ತಿರದ ರೇಷ್ಮೆ ಇಲಾಖೆಯಲ್ಲಿ ಕೇಳಿ. ಬಿಟ್ಟ ಮೇಲೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ, ಪಾಪ ಅವೂ ಸಾಯುತ್ತವೆ.

ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿದ್ದರೆ ಸುಮ್ನೆ ಸಿಕ್ಕಿದ್ದನ್ನು ಹೊಡೆಯಲೇಬೇಡಿ. ಬೇವಿನ ಔಷಧಿಯೂ ರೇಷ್ಮೆ ಹುಳುವಿಗೆ ತೊಂದರೆಯೇ. ಮುದುಡಿದ ಎಲೆಯಲ್ಲಿ ಸತ್ವ ಕಡಿಮೆ, ಆದ್ದರಿಂದ ಚಾಕಿ ಹುಳುಗಳಿಗೆ (ಎಳೆಯ ರೇಷ್ಮೆ ಹುಳುಗಳಿಗೆ) ಹಾಕಬೇಡಿ.